ಬೆಳಕು ಹರಿದ ಮೇಲೆ ಹೊರಡಿ

ರಾಮನಗರದಲ್ಲಿ ಬೆಳಗಿನ ಹೊತ್ತು ನಡೆಯುವವರದು ಎರಡು ಸರದಿ. ಬೆಟ್ಟದ ಬಂಡೆಗಳ ಮೇಲೆ ಎಳೆಬಿಸಿಲು ಬೀಳುವ ಹೊತ್ತಿಗೆ ಶೂ ಕಟ್ಟಿ, ನಾಲ್ಕೈದು ಜನ ಜೊತೆಯಾಗಿ, ಮಾತಾಡಿಕೊಂಡು ಬಿರಬಿರನೆ ಹೋಗುವವರು ಎರಡನೇ ಸರದಿಯವರು. ಅವರಿಗಿಂತ ಮುಂಚೆ, ಹಾಲಿನ ವ್ಯಾನು ಬರುವ ಹೊತ್ತಿಗೇ, ಬೀದಿದೀಪದ ಮಬ್ಬಿನಲ್ಲಿ ಗೋಡೆ ಪಕ್ಕಕ್ಕೆ ಒಬ್ಬೊಬ್ಬರೇ ಸಾಗುವವರು ಮೊದಲ ಸರದಿಯವರು. ಇವರ ಒಂದು ಕೈ ಮಡಚಿಕೊಂಡು ಎದೆಗೆ ಅಂಟಿರುತ್ತದೆ. ಒಂದು ಕಾಲು ನೇರ ಮುಂದಕ್ಕೆ ಬರುವ ಬದಲು ಹೊರಗಿನಿಂದ ಬಳಸಿಕೊಂಡು ಬರುತ್ತದೆ, ಬೆರಳ ತುದಿ ನೆಲ ಕೆರೆಯುತ್ತದೆ. ಮೈಯೆಲ್ಲ ಗಟ್ಟಿ ಕಾಲಿನ ಕಡೆಗೇ ವಾಲಿ, ತಲೆ ಬಗ್ಗಿ, ಕಣ್ಣು ಪಾದದ ಮೇಲೆ ನೆಟ್ಟಿರುತ್ತದೆ. ಲಕ್ವ ಹೊಡೆದು ಎದ್ದವರು ಇವರು. ಚನ್ನಪಟ್ಟಣದಲ್ಲೂ ಕನಕಪುರದಲ್ಲೂ ಮಾಗಡಿಯಲ್ಲೂ ಇದೇ ಹೊತ್ತಿಗೆ ಹೊರಗೆ ಬಂದರೆ ಇಂಥವರು ಒಬ್ಬರಾದರೂ ಎದುರಾಗುತ್ತಾರೆ.

ಇಷ್ಟು ಬೇಗ ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. "ಜನ ಏಳೋಕ್ ಮುಂಚೆ ಮುಗಿಸ್ಬುಟ್ರೆ ವಾಸಿ." ಹಗಲಾದ ಮೇಲೆ ಹೊರಟರೆ ಒಂದೊಂದು ಜಗಲಿಯಿಂದಲೂ "ಅಯ್ಯೋ, ಹೆಂಗಿದ್ದೋರು ಹೆಂಗಾಗ್ಬುಟ್ರಿ" ಎಂಬ ಮರುಕ ಬರುತ್ತದೆ. ಪ್ರೀತಿಯಿಂದಲೇ ಬರುತ್ತದೆ, ಆದರೂ ಚುಚ್ಚುತ್ತದೆ. ಊರಿಗೆ ಬುದ್ಧಿ ಹೇಳುತ್ತಿದ್ದವರು, ಪಂಚಾಯ್ತಿಕಟ್ಟೆಯಲ್ಲಿ ಎದ್ದು ನಿಂತು ಮಾತಾಡುತ್ತಿದ್ದವರು, ಈಗ ಕಾಲೆಳೆಯುವುದನ್ನು ಯಾರೂ ನೋಡದಿರಲಿ ಎಂದು ಕತ್ತಲನ್ನು ಆರಿಸಿಕೊಳ್ಳುತ್ತಾರೆ.

ಅವರಿಗೆ ಒಂದು ಮಾತು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಕತ್ತಲಲ್ಲಿ ಹೊರಡಬೇಡಿ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬ ಉಪದೇಶ ಇದಲ್ಲ; ಶರೀರ ನಿಲ್ಲುವ ಬಗೆಯಲ್ಲೇ ಇದಕ್ಕೆ ಕಾರಣವಿದೆ.

ನಾವು ಬೀಳದೆ ನಿಲ್ಲುವುದಕ್ಕೆ ಮೂರು ಕಡೆಯಿಂದ ಸುದ್ದಿ ಬೇಕು. ಕಣ್ಣು ಒಂದು, ಕಿವಿಯ ಒಳಭಾಗದ ಸಮತೋಲನದ ಅಂಗ ಇನ್ನೊಂದು. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳಿಂದ ಮೆದುಳಿಗೆ ಎಡೆಬಿಡದೆ ಹೋಗುವ ಸುದ್ದಿ: ಪಾದ ಎಲ್ಲಿದೆ, ಮಂಡಿ ಎಷ್ಟು ಮಡಚಿದೆ, ಭಾರ ಹಿಮ್ಮಡಿಯ ಮೇಲೋ ಬೆರಳ ಮೇಲೋ. ಜಾತ್ರೆಯಲ್ಲಿ ಪೂಜಾ ಕುಣಿತ ನೋಡಿದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿದಿರಿನ ಚೌಕಟ್ಟಿಗೆ ಸೀರೆ, ಹೂವು, ದೇವಿಯ ಮುಖ ಕಟ್ಟಿದ ದೊಡ್ಡ ಪೂಜೆಯನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು, ತಮಟೆಯ ಏಟಿಗೆ ಕುಣಿಯುವವನ ಕಣ್ಣು ಪಾದದ ಕಡೆ ಹೋಗುವುದೇ ಇಲ್ಲ. ಹೋಗುವ ಅಗತ್ಯವಿಲ್ಲ. ಪಾದ ಎಲ್ಲಿದೆ ಎಂಬುದನ್ನು ಪಾದವೇ ಹೇಳುತ್ತಿರುತ್ತದೆ.

ಮೆದುಳಿನ ಒಂದು ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ, ಕೈಕಾಲಿಗೆ ಹೋಗುವ ಆಜ್ಞೆಯ ಜೊತೆಗೆ ಕೈಕಾಲಿನಿಂದ ಬರುವ ಈ ಸುದ್ದಿಯೂ ಎಷ್ಟೋ ಜನರಲ್ಲಿ ಅರೆಬರೆಯಾಗುತ್ತದೆ. ಆಗ ಕಣ್ಣು ಪಾದದ ಕೆಲಸವನ್ನು ವಹಿಸಿಕೊಳ್ಳುತ್ತದೆ. ತಲೆ ಬಗ್ಗುವುದು ಅದಕ್ಕೇ. "ತಲೆ ಎತ್ತಿ ನಡೀರಿ, ಎಷ್ಟ್ ಸಲ ಹೇಳೋದು" ಎಂದು ಮನೆಯವರು ಗದರುತ್ತಾರಲ್ಲ, ಅವರಿಗೆ ಇದು ಗೊತ್ತಿದ್ದರೆ ಗದರುತ್ತಿರಲಿಲ್ಲ. ಪಾದ ಮೂಕವಾದ ಮನುಷ್ಯನಿಗೆ ಉಳಿದ ಆಸರೆ ಕಣ್ಣು. ಅವರು ಕತ್ತಲಲ್ಲಿ ಹೊರಟರೆ ಆ ಆಸರೆಯನ್ನೂ ಮನೆಯಲ್ಲೇ ಬಿಟ್ಟು ಹೊರಟ ಹಾಗೆ. ನಾಚಿಕೆ ಯಾವ ಹೊತ್ತನ್ನು ಆರಿಸುತ್ತದೆಯೋ ಅದೇ ಹೊತ್ತು ಬೀಳುವುದಕ್ಕೆ ಹೆಚ್ಚು ಅವಕಾಶವಿರುವ ಹೊತ್ತು. ಲಕ್ವದಿಂದ ಚೇತರಿಸಿಕೊಳ್ಳುತ್ತಿದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆಯ ದುಡಿಮೆ ಒಂದೇ ಕ್ಷಣದಲ್ಲಿ ಹೋಗುತ್ತದೆ.

ಇನ್ನೊಂದು ಆತುರವೂ ಇದೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲೇ ನಡೆಸಬೇಕು ಎನ್ನುವ ಆತುರ. "ಇವತ್ತು ಎಷ್ಟು ಹೆಜ್ಜೆ ಹಾಕುದ್ರು?" ಎಂದೇ ನೋಡಲು ಬಂದವರೆಲ್ಲ ಕೇಳುವುದು. ಎಷ್ಟು ಹೊತ್ತು ನಿಂತರು, ಯಾವ ಕಾಲಿನ ಮೇಲೆ ನಿಂತರು ಎಂದು ಕೇಳುವವರಿಲ್ಲ. ಆದರೆ ನಡಿಗೆ ಎಂದರೆ ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಎತ್ತುವುದು. ಸೋತ ಕಾಲು ಒಂದು ಕ್ಷಣ ಪೂರ್ತಿ ಭಾರ ಹೊರದಿದ್ದರೆ ಗಟ್ಟಿ ಕಾಲು ನೆಮ್ಮದಿಯಾಗಿ ಮುಂದೆ ಹೋಗಲಾರದು. ಆಗ ಗಟ್ಟಿ ಕಾಲು ಗಡಿಬಿಡಿಯಲ್ಲಿ ಚಿಕ್ಕ ಹೆಜ್ಜೆ ಇಟ್ಟು ನೆಲ ಹಿಡಿಯುತ್ತದೆ, ಸೊಂಟ ಒಂದು ಕಡೆ ಜಾರುತ್ತದೆ, ಬೆನ್ನು ಅದಕ್ಕೆ ತಕ್ಕಂತೆ ಬಾಗುತ್ತದೆ. ನಮಗೆ ಕಾಣುವುದು ಗೂನು. ಅದರ ಬೇರು ಪಾದದಲ್ಲಿದೆ.

ಕನಕಪುರದ ಕಡೆಯ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಮನೆ. ಆಯಸ್ಸೆಲ್ಲ ರೇಷ್ಮೆ ಹುಳು ಸಾಕಿದವರು. ಮೆದುಳಿನ ಬಲಭಾಗಕ್ಕೆ ಪೆಟ್ಟಾಗಿ ಎಡಗೈ ಎಡಗಾಲು ಸೋತಿದ್ದವು. ಫಿಸಿಯೋಥೆರಪಿ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ದಿನ ಚೀಲದಿಂದ ತೂಕದ ಮಿಷನ್ ತೆಗೆದಳು. ಹಜಾರದ ಕಿಟಕಿಯ ಮುಂದೆ ಅದನ್ನಿಟ್ಟು, ಪಕ್ಕದಲ್ಲಿ ಅಷ್ಟೇ ಎತ್ತರದ ಮಣೆ ಇಟ್ಟಳು. ದೊಡ್ಡಪ್ಪ ಬಲಗೈಯಲ್ಲಿ ಕಿಟಕಿ ಸರಳು ಹಿಡಿದು, ಎಡಗಾಲು ಮಿಷನ್ ಮೇಲೆ, ಬಲಗಾಲು ಮಣೆಯ ಮೇಲೆ ಇಟ್ಟು ನಿಂತರು. ಅವಳು ಅವರ ಎಡಮಗ್ಗುಲಲ್ಲಿ ಸೊಂಟಕ್ಕೆ ಕೈ ಕೊಟ್ಟಿದ್ದಳು.

"ಯಜಮಾನ್ರೇ, ಎರಡೂ ಕಾಲ್ ಮೇಲೆ ಸಮವಾಗಿ ನಿಂತಿದೀರಾ?"

"ಸಮವಾಗೇ ನಿಂತಿವ್ನಲ್ಲವ್ವಾ."

ಮುಳ್ಳು ಹದಿನಾರು ಕೆಜಿ ತೋರಿಸುತ್ತಿತ್ತು. ದೊಡ್ಡಪ್ಪನ ತೂಕ ಅರವತ್ತರ ಮೇಲೆ. ಸುಳ್ಳು ಹೇಳಿದವರಲ್ಲ ಅವರು. ಅವರ ಮೈ ಅವರಿಗೆ ಹಾಗೆ ಹೇಳುತ್ತಿತ್ತು. "ಎಡಗಾಲಿಗೆ ಸ್ವಲ್ಪ ಸ್ವಲ್ಪ ಭಾರ ಬಿಡಿ, ನಾನ್ ಹಿಡ್ಕೊಂಡಿದೀನಿ" ಎಂದಳು. ಹತ್ತೊಂಬತ್ತಾಯಿತು. ಮಂಡಿ ನಡುಗಿತು. ಮತ್ತೆ ಹನ್ನೆರಡಕ್ಕೆ ಇಳಿಯಿತು. ಇಪ್ಪತ್ತೆರಡಕ್ಕೆ ಬಂದಾಗ ಅವರ ಮುಖದಲ್ಲಿ ಗಾಬರಿ ಕಂಡಿತು, ಬಾವಿಕಟ್ಟೆಯ ಅಂಚಿಗೆ ಬಂದವರ ಮುಖದಲ್ಲಿ ಕಾಣುವ ಗಾಬರಿ. ಅವರಿಗೆ ಕಾಲು ಇತ್ತು, ಅದರ ಮೇಲೆ ನಂಬಿಕೆ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ದೊಡ್ಡಮ್ಮ ಅದನ್ನು ನೋಡಿದರು, ಮತ್ತೆಂದೂ ಅವರನ್ನು "ನೆಟ್ಟಗೆ ನಿಂತ್ಕೊಳ್ಳಿ" ಎಂದು ರೇಗಲಿಲ್ಲ. "ಎಡಗಾಲ್ಗೆ ಕೊಡಿ" ಎನ್ನುತ್ತಿದ್ದರು ಅಷ್ಟೆ.

ಲಕ್ವವಾದವರ ನಿಲುವು ಸರಿಹೋಗುವುದು ಬೆನ್ನನ್ನು ಬಿಗಿ ಮಾಡುವುದರಿಂದ ಅಲ್ಲ, ಸೋತ ಕಾಲಿಗೆ ಅದರ ಪಾಲಿನ ಭಾರವನ್ನು ಹಿಂತಿರುಗಿಸುವುದರಿಂದ ಎನ್ನುವುದು ನನಗೆ ಆ ಕಿಟಕಿಯ ಮುಂದೆ ತಿಳಿದದ್ದು. ಗಟ್ಟಿ ಕಾಲು ಎಲ್ಲವನ್ನೂ ತಾನೇ ಹೊತ್ತುಕೊಂಡಷ್ಟೂ ಸೋತ ಕಾಲಿಗೆ ಕೆಲಸವಿಲ್ಲದಾಗುತ್ತದೆ. ಕೆಲಸವಿಲ್ಲದ ಅಂಗವನ್ನು ಮೆದುಳು ಲೆಕ್ಕದಿಂದಲೇ ಬಿಡುತ್ತ ಹೋಗುತ್ತದೆ. ಕೆಲಸ ಕೊಟ್ಟರೆ, ದಿನಕ್ಕೆ ಹಲವು ಬಾರಿ ಅದೇ ಕೆಲಸ ಕೊಟ್ಟರೆ, ಸತ್ತ ನರಕೋಶಗಳ ಸುತ್ತಮುತ್ತ ಉಳಿದವು ಆ ಕೆಲಸವನ್ನು ಸ್ವಲ್ಪ ಸ್ವಲ್ಪ ವಹಿಸಿಕೊಳ್ಳುವುದನ್ನು ಕಲಿಯುತ್ತವೆ.

ಕೆಲವರಲ್ಲಿ ತೊಡಕು ಇನ್ನೂ ಆಳದ್ದು. ಕೂರಿಸಿದರೆ, ನಿಲ್ಲಿಸಿದರೆ, ಗಟ್ಟಿ ಕೈಯಿಂದಲೇ ತಮ್ಮನ್ನು ಸೋತ ಕಡೆಗೆ ತಳ್ಳಿಕೊಳ್ಳುತ್ತಾರೆ. ನೇರ ಮಾಡಲು ಹೋದರೆ ಎದುರಾಗಿ ತಳ್ಳುತ್ತಾರೆ. ಮನೆಯವರ ಕಣ್ಣಿಗೆ ಇದು ಹಟ. ಜರ್ಮನಿಯ ನರವಿಜ್ಞಾನಿ ಹಾನ್ಸ್ ಆಟೋ ಕಾರ್ನಾತ್ ಮತ್ತು ಸಂಗಡಿಗರು 2000ದಲ್ಲಿ ಇಂಥವರನ್ನು ವಾಲಿಸಬಹುದಾದ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿದರು. ಮೆದುಳಿಗೆ ಪೆಟ್ಟಾದ ಕಡೆಗೆ ಸುಮಾರು 18 ಡಿಗ್ರಿ ವಾಲಿದಾಗ ಅವರಿಗೆ "ಈಗ ನೆಟ್ಟಗಿದ್ದೇನೆ" ಎನ್ನಿಸುತ್ತಿತ್ತು. ಆದರೆ ಎದುರಿಗಿರುವ ವಸ್ತು ನೇರವಾಗಿದೆಯೋ ವಾಲಿದೆಯೋ ಎಂದು ಕಣ್ಣಿನಿಂದ ಗುರುತಿಸುವ ಶಕ್ತಿ ಮಾತ್ರ ಸರಿಯಾಗೇ ಇತ್ತು. ಮೈ ಹೇಳುವ ನೇರ ಬೇರೆ, ಕಣ್ಣು ಕಾಣುವ ನೇರ ಬೇರೆ. ಚಿಕಿತ್ಸೆ ಹೊರಟದ್ದು ಇಲ್ಲಿಂದಲೇ: ರೋಗಿಯ ಮುಂದೆ ನೆಟ್ಟಗಿರುವುದೊಂದನ್ನು ಇಟ್ಟು, ಅದಕ್ಕೆ ತನ್ನ ಮೈಯನ್ನು ತಾನೇ ಹೋಲಿಸಿಕೊಳ್ಳುವಂತೆ ಮಾಡುವುದು.

ಅದಕ್ಕೆ ದುಬಾರಿ ಕನ್ನಡಿಯೇ ಬೇಕೆಂದಿಲ್ಲ. ಬಾಗಿಲಿನ ಚೌಕಟ್ಟು ಸಾಕು. ಕಿಟಕಿಯ ಸರಳು ಸಾಕು. ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಹೊಲದ ಬೇಲಿಗೂ ಕಲ್ಲುಕಂಬ, ಹಳೆಯ ಮನೆಯ ಜಗಲಿಗೂ ಕಲ್ಲುಕಂಬ. ದೊಡ್ಡಪ್ಪ ಜಗಲಿಯ ಕಂಬದ ಎದುರು ಕುರ್ಚಿ ಹಾಕಿಸಿಕೊಂಡು, "ಕಂಬ ನೆಟ್ಟಗದೆ, ನಾನು ವಾಲಿವ್ನಿ" ಎಂದು ತಾವೇ ಗಟ್ಟಿಯಾಗಿ ಹೇಳಿಕೊಂಡು ಮೈ ಸರಿಮಾಡಿಕೊಳ್ಳುತ್ತಿದ್ದರು. ಇದಕ್ಕೂ ಬೆಳಕು ಬೇಕು. ಕಂಬ ಕಾಣದ ಹೊತ್ತಿನಲ್ಲಿ ಕಂಬಕ್ಕೆ ಹೋಲಿಸಿಕೊಳ್ಳುವುದು ಹೇಗೆ?

ಕುಳಿತು ಏಳುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲ ಮನೆಗಳಲ್ಲೂ ತಪ್ಪಾಗುವುದು ಅಲ್ಲೇ. ಕುರ್ಚಿ ಗಟ್ಟಿಯಾಗಿರಬೇಕು, ಹಗುರದ ಪ್ಲಾಸ್ಟಿಕ್ ಕುರ್ಚಿ ಬೇಡ, ಹಿಂದೆ ಗೋಡೆ ಇದ್ದರೆ ಒಳ್ಳೆಯದು. ಎರಡೂ ಪಾದ ಮಂಡಿಗಿಂತ ಒಂದಿಷ್ಟು ಹಿಂದಕ್ಕೆ, ಹಿಮ್ಮಡಿ ನೆಲಕ್ಕೆ ಊರಿರಬೇಕು. ಗಟ್ಟಿ ಕಾಲು ತಾನಾಗಿ ಹಿಂದೆ ಸರಿದು ಎಲ್ಲ ಭಾರ ಎತ್ತಲು ಸಜ್ಜಾಗುತ್ತದೆ. ಅದನ್ನು ತಡೆದು ಸೋತ ಪಾದವನ್ನೇ ನಾಲ್ಕು ಬೆರಳು ಹಿಂದೆ ಇಡಿಸಿದರೆ ಆ ಕಾಲು ಕೆಲಸಕ್ಕೆ ಬರಲೇಬೇಕು. ಸೋತ ಕೈಯನ್ನು ಗಟ್ಟಿ ಕೈಯಿಂದ ಹೆಣೆದು ಹಿಡಿದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವ ತನಕ ಮುಂದೆ ಬಾಗಬೇಕು. ಬಾಗದೆ ಏಳಲು ಹೋದವರು ಹಿಂದಕ್ಕೆ ಬೀಳುತ್ತಾರೆ. ಎದ್ದ ಮೇಲೆ ಒಂದು ಉಸಿರು ನಿಂತು, ಆಮೇಲೆ ಕೂರುವುದು, ಅದೂ ದೊಪ್ಪನೆ ಅಲ್ಲ, ನಿಧಾನವಾಗಿ. ನಿಧಾನವಾಗಿ ಕೂರುವುದರಲ್ಲೂ ತೊಡೆಗೆ ಒಳ್ಳೆಯ ಕೆಲಸವಿದೆ. ಬೆಳಿಗ್ಗೆ ಇಷ್ಟನ್ನು ಕೆಲವು ಬಾರಿ, ಸುಸ್ತಾಗುವ ಮುಂಚೆ ನಿಲ್ಲಿಸಿ, ಹೊತ್ತು ಬಿಟ್ಟು ಮತ್ತೆ.

ಎಬ್ಬಿಸುವವರ ಕೈ ಎಲ್ಲಿರಬೇಕು? ಸೋತ ಕಡೆಯಲ್ಲಿ, ಸೊಂಟದ ಮೇಲೆ ಅಥವಾ ಸೊಂಟಕ್ಕೆ ಕಟ್ಟಿದ ಅಗಲದ ಬೆಲ್ಟಿನ ಮೇಲೆ. ಸೋತ ಕೈಯನ್ನು ಹಿಡಿದು ಎಳೆಯಲೇಬಾರದು. ನಮ್ಮ ಮನೆಗಳಲ್ಲಿ ಮೊದಲು ಮಾಡುವುದು ಅದನ್ನೇ, ಕಂಕುಳಿಗೆ ಕೈ ಹಾಕಿ ಮೇಲೆತ್ತುವುದು, ರಟ್ಟೆ ಹಿಡಿದು ಜಗ್ಗುವುದು. ಭುಜದ ಕೀಲನ್ನು ಜಾಗದಲ್ಲಿ ಹಿಡಿದಿರುವುದು ಹೆಚ್ಚಾಗಿ ಸುತ್ತಲಿನ ಸ್ನಾಯುಗಳೇ. ಅವು ಸಡಿಲಾದ ಭುಜವನ್ನು ಎಳೆದರೆ ಕೀಲು ಜಾರುತ್ತದೆ, ನೋವು ಶುರುವಾಗುತ್ತದೆ. ನೋವಿರುವ ಭುಜ ಮೈಯನ್ನೆಲ್ಲ ಆ ಕಡೆಗೆ ಮುದುಡಿಸುತ್ತದೆ. ನಿದ್ದೆ ಕೆಡುತ್ತದೆ, ವ್ಯಾಯಾಮ ನಿಲ್ಲುತ್ತದೆ. ಪ್ರೀತಿಯಿಂದ ಎಳೆದ ಕೈಗಳಿಂದ ಇಷ್ಟೆಲ್ಲ ಆಗುತ್ತದೆ ಎಂದು ನೆನೆದಾಗ ಸಂಕಟವಾಗುತ್ತದೆ. ಇದೊಂದು ಮಾತು ಪ್ರತಿ ಹಳ್ಳಿಯ ಆಶಾ ಕಾರ್ಯಕರ್ತೆಯ ಬಾಯಲ್ಲೂ ಇರಬೇಕು.

ನಿಲ್ಲುವುದು ಒಂದು ಹಂತಕ್ಕೆ ಬಂದ ಮೇಲೆ ನಡಿಗೆ. ಫಿಸಿಯೋಗಳು ಮುಂದಕ್ಕೆ ನಡೆಸುವುದಷ್ಟನ್ನೇ ಮಾಡುವುದಿಲ್ಲ. ಗೋಡೆಗೆ ಮುಖ ಮಾಡಿ, ಕಿಟಕಿ ಸರಳನ್ನೋ ಅಡುಗೆಮನೆಯ ಕಟ್ಟೆಯನ್ನೋ ಹಿಡಿದು ಅಡ್ಡಡ್ಡಲಾಗಿ ಹೆಜ್ಜೆ ಹಾಕಿಸುತ್ತಾರೆ. ಸೊಂಟದ ಪಕ್ಕದ ಸ್ನಾಯುಗಳು ಗಟ್ಟಿಯಾಗುವುದು ಇದರಲ್ಲಿ, ಒಂಟಿ ಕಾಲಲ್ಲಿ ನಿಂತಾಗ ಸೊಂಟ ಜಾರದಂತೆ ಹಿಡಿಯುವುದು ಅವೇ. ಹಿಂದಕ್ಕೂ ನಡೆಸುತ್ತಾರೆ, ಪಕ್ಕದಲ್ಲಿ ಒಬ್ಬರು ಇದ್ದೇ. ಹಿಮ್ಮುಖವಾಗಿ ಹೆಜ್ಜೆ ಹಾಕಬೇಕಾದರೆ ಕಾಲನ್ನು ಹೊರಗಿನಿಂದ ಬಳಸಿ ತರುವ ಹಳೆಯ ದಾರಿ ನಡೆಯುವುದಿಲ್ಲ. ತೊಡೆ ಹಿಂದೆ ಹೋಗಬೇಕು, ಮಂಡಿ ಮಡಚಬೇಕು. ಇವೆರಡೂ ಕೂಡಿಬರುವುದು ಲಕ್ವವಾದ ಕಾಲಿಗೆ ಬಹಳ ಕಷ್ಟ. ತೈವಾನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದರಲ್ಲಿ ಮಾಮೂಲಿ ಚಿಕಿತ್ಸೆಯ ಜೊತೆಗೆ ಹಿಮ್ಮುಖ ನಡಿಗೆ ಸೇರಿಸಿದವರ ಹೆಜ್ಜೆಗಳು ಹೆಚ್ಚು ಸಮವಾದವು.

ಹೊಸಲು ದಾಟುವುದು ನಮ್ಮದೇ ವ್ಯಾಯಾಮ ಎನ್ನಬಹುದು. ಹೊಸಲನ್ನು ತುಳಿಯಬಾರದು ಎಂದು ಬೆಳೆದವರು ನಾವು. ಅರಿಸಿನ ಕುಂಕುಮ ಇಟ್ಟ ಆ ಮರದ ಪಟ್ಟಿ ಲಕ್ವವಾದವರ ಪಾಲಿಗೆ ಮನೆಯೊಳಗಿನ ಮೊದಲ ತಡೆ. ಬೆರಳು ಅದಕ್ಕೇ ತಾಗಿ ಮುಗ್ಗರಿಸುವುದು. ಬಾಗಿಲವಾಡ ಹಿಡಿದು ನಿಂತು, ಕಾಲ್ಬೆರಳನ್ನು ಮೇಲೆತ್ತಿ, ಮಂಡಿ ಮಡಚಿ, ಹೊಸಲಿನಾಚೆ ಹಿಮ್ಮಡಿಯನ್ನು ಮೊದಲು ಊರುವುದು. ನಿಧಾನಕ್ಕೆ ಹಿಂದಕ್ಕೆ ತರುವುದು. ಹಿಮ್ಮಡಿ ಮೊದಲು ನೆಲ ಮುಟ್ಟಿದರೆ ನಡಿಗೆ ಅರ್ಧ ಸರಿಯಾಯಿತು ಎಂದು ಆ ಫಿಸಿಯೋ ಹುಡುಗಿ ಹೇಳುತ್ತಿದ್ದಳು.

ಚನ್ನಪಟ್ಟಣದವರು ತಮ್ಮ ಊರಿನ ಗೊಂಬೆ ಅಂಗಡಿಯಲ್ಲಿ ಒಂದು ಸಾಮಾನು ಕೊಂಡರೆ ಇದಕ್ಕೆ ನೆರವಾಗುತ್ತದೆ. ಗೂಟಕ್ಕೆ ಒಂದರ ಮೇಲೊಂದು ಪೋಣಿಸುವ ಬಣ್ಣದ ಬಳೆಗಳು. ಹಾಲೆ ಮರವನ್ನು ಚರಕಿಯಲ್ಲಿ ತಿರುಗಿಸಿ, ಅರಗು ಒತ್ತಿ ಬಣ್ಣ ಕೂರಿಸಿದ್ದು; ಆ ಕಸುಬಿಗೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಗುವಿನ ಆಟಿಕೆ ಎಂದು ಹಿರಿಯರು ಮುಜುಗರ ಪಡಬಾರದು. ಬಳೆಗಳನ್ನು ಗಟ್ಟಿ ಕೈಯ ಕಡೆ ಇಟ್ಟು, ಗೂಟವನ್ನು ಸೋತ ಕಡೆ, ಕೈ ಚಾಚಿದರಷ್ಟೇ ಎಟುಕುವ ದೂರದಲ್ಲಿ ಇಟ್ಟರೆ, ಒಂದೊಂದು ಬಳೆ ಹಾಕುವಾಗಲೂ ಮೈ ಸೋತ ಕಾಲಿನ ಮೇಲೆ ಹೋಗಿ ಬರುತ್ತದೆ. ಮೊದಲು ಕುಳಿತು, ಆಮೇಲೆ ನಿಂತು. "ಭಾರ ಕೊಡಿ, ಭಾರ ಕೊಡಿ" ಎಂದು ಹೇಳುತ್ತ ಕೂರುವುದಕ್ಕಿಂತ ಇದು ಬೇಗ ನಾಟುತ್ತದೆ. ಮನಸ್ಸು ಬಳೆಯ ಮೇಲಿರುತ್ತದೆ, ಕಾಲು ತನ್ನ ಪಾಡಿಗೆ ತಾನು ಹೊರುತ್ತದೆ. ಪಕ್ಕದಲ್ಲಿ ಮೊಮ್ಮಗು ಕುಳಿತರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಮಾಡುವ ಇಂಥ ಸಣ್ಣ ಕೆಲಸದಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ, ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಯಂತ್ರವೇ ಬೇಡವೇ ಎಂಬ ಕೊರಗು ನಮ್ಮ ಊರುಗಳಲ್ಲಿ ಬಹಳ. ಬೆಂಗಳೂರು ಇಲ್ಲಿಂದ ಐವತ್ತು ಅರವತ್ತು ಕಿಲೋಮೀಟರ್. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಆದರೂ ವಾರಕ್ಕೆ ಮೂರು ದಿನ ಲಕ್ವವಾದವರನ್ನು ಕಾರು ಮಾಡಿಕೊಂಡು ಕರೆದೊಯ್ಯುವುದು ಎಷ್ಟು ಮನೆಗಳಿಗೆ ಸಾಧ್ಯ? ಅಮೆರಿಕದಲ್ಲಿ 408 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇದಕ್ಕೆ ಸಮಾಧಾನ ಕೊಡುತ್ತದೆ. ಕೆಲವರನ್ನು ಮೈಭಾರ ಎತ್ತಿ ಹಿಡಿಯುವ ಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಉಳಿದವರಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ ಬಲದ, ಸಮತೋಲನದ ವ್ಯಾಯಾಮ ಮಾಡಿಸಿದರು. ವರ್ಷದ ಕೊನೆಗೆ ಒಟ್ಟು ಶೇ 52ರಷ್ಟು ಜನರ ನಡಿಗೆ ಒಂದು ಮೆಟ್ಟಿಲು ಮೇಲೇರಿತ್ತು, ಯಂತ್ರದವರು ಮನೆಯವರು ಎಂಬ ಭೇದವಿಲ್ಲದೆ. ಆರು ತಿಂಗಳು ಕಳೆದ ಮೇಲೆ ಶುರು ಮಾಡಿದವರೂ ಸುಧಾರಿಸಿದ್ದರು. "ಆರು ತಿಂಗ್ಳು ಆಗೋಯ್ತು, ಇನ್ನೇನ್ ಬರಲ್ಲ ಬುಡು" ಎಂದು ಕೈಚೆಲ್ಲಿ ಕೂತವರು ಈ ಕೊನೆಯ ಮಾತನ್ನು ಎರಡು ಸಲ ಓದಿಕೊಳ್ಳಲಿ.

ಹಾಗೆಂದು ಎಲ್ಲವನ್ನೂ ಮನೆಯವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ತೋರಿಸಿತು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರೂ, ಆರು ತಿಂಗಳಿಗೆ ತೀರಿಕೊಂಡವರು ಮತ್ತು ಇನ್ನೊಬ್ಬರನ್ನು ಅವಲಂಬಿಸಿದವರು ಸೇರಿ ಆ ಗುಂಪಿನಲ್ಲೂ ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲೂ ಶೇ 47. ಏನೂ ವ್ಯತ್ಯಾಸ ಬರಲಿಲ್ಲ. ಮನೆಯವರ ಶ್ರಮ ವ್ಯರ್ಥ ಎಂದು ನಾನು ಇದನ್ನು ಓದುವುದಿಲ್ಲ. ಕಲಿತವರೊಬ್ಬರು ಆಗಾಗ ಬಂದು ನೋಡಿ, ತಿದ್ದಿ, ಮುಂದಿನ ಹಂತಕ್ಕೆ ಏರಿಸದಿದ್ದರೆ ಮನೆಯ ಪ್ರೀತಿ ಒಂದೇ ಸಾಲದು ಎಂದು ಓದುತ್ತೇನೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟ್ ಇರಬೇಕು, ಅವರು ಹಳ್ಳಿಗೂ ಬರುವಂತಾಗಬೇಕು ಎಂದು ನಾವು ಗಟ್ಟಿಯಾಗಿ ಕೇಳಬೇಕಾದ್ದು ಇದಕ್ಕೇ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯದ ಯೋಜನೆಯ ಫಲ ಕೊನೆಗೆ ಮುಟ್ಟಬೇಕಾದ್ದು ಕನಕಪುರದಾಚೆ ಸಂಗಮದ ದಾರಿಯ ಕೊನೆಯ ಹಳ್ಳಿಗೆ.

ಆತುರದ ವಿಷಯದಲ್ಲೂ ಒಂದು ಎಚ್ಚರ. 2015ರಲ್ಲಿ ಪ್ರಕಟವಾದ, ಐದು ದೇಶಗಳ 2,104 ರೋಗಿಗಳ ಅಧ್ಯಯನದಲ್ಲಿ, ಪೆಟ್ಟಾದ ಮೊದಲ 24 ಗಂಟೆಯೊಳಗೇ ಹೆಚ್ಚು ಹೆಚ್ಚು ಎಬ್ಬಿಸಿ ನಿಲ್ಲಿಸಿದವರಿಗೆ ಮೂರು ತಿಂಗಳಲ್ಲಿ ಸ್ವಲ್ಪ ಕಡಿಮೆಯೇ ಒಳ್ಳೆಯದಾಗಿತ್ತು. ಒಂದೇ ಸಲ ಹೆಚ್ಚು ಹೊತ್ತಿಗಿಂತ, ಆಗಾಗ ಸ್ವಲ್ಪ ಸ್ವಲ್ಪ ಎನ್ನುವುದು ವಾಸಿ ಎಂದು ಅದರ ಮುಂದಿನ ವಿಶ್ಲೇಷಣೆ ಸೂಚಿಸಿತು. ಯಾವಾಗ ಶುರು ಮಾಡಬೇಕು ಎಂಬುದನ್ನು ವೈದ್ಯರು ಹೇಳಲಿ. ಬಿ.ಪಿ. ಏರಿದ್ದರೆ, ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಆ ದಿನದ ಅಭ್ಯಾಸ ಅಲ್ಲಿಗೆ ನಿಲ್ಲಬೇಕು. ಯಾರಿಗಾದರೂ ಹಠಾತ್ತನೆ ಬಾಯಿ ಸೊಟ್ಟಗಾದರೆ, ಕೈ ಜಾರಿದರೆ, ಮಾತು ತೊದಲಿದರೆ ನಾಟಿ ಔಷಧಿಯವರ ಮನೆ ಹುಡುಕುತ್ತ ಹೋಗಬೇಡಿ, 108ಕ್ಕೆ ಕರೆಮಾಡಿ. ಕಟ್ಟಿಕೊಂಡ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ.

ಹವಾಯಿ ಚಪ್ಪಲಿಯ ವಿಷಯ ಮರೆಯುವಂತಿಲ್ಲ. ಅದು ಪಾದದಲ್ಲಿ ನಿಲ್ಲುವುದು ಬೆರಳುಗಳು ಅದನ್ನು ಹಿಡಿದುಕೊಂಡರೆ ಮಾತ್ರ. ಸೋತ ಪಾದಕ್ಕೆ ಆ ಹಿಡಿತವಿಲ್ಲ, ಚಪ್ಪಲಿ ಕಳಚಿದ್ದೂ ಗೊತ್ತಾಗುವುದಿಲ್ಲ. ಹತ್ತು ಹೆಜ್ಜೆ ಹಿಂದೆ ಬಿದ್ದ ಚಪ್ಪಲಿಯನ್ನು ದೊಡ್ಡಮ್ಮ ಎತ್ತಿಕೊಂಡು ಬರುತ್ತಿದ್ದ ದಿನಗಳಿದ್ದವು. ಹಿಂದೆ ಪಟ್ಟಿ ಇರುವ, ಹಿಮ್ಮಡಿಯನ್ನು ಹಿಡಿಯುವ ಚಪ್ಪಲಿ ಅಥವಾ ಬಟ್ಟೆಯ ಶೂ ಆಗಬೇಕು. ಪಾದ ಜೋತುಬೀಳುತ್ತಿದ್ದರೆ ಅದನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿಸಿಕೊಳ್ಳಬೇಕು. ಕೋಲು ಗಟ್ಟಿ ಕೈಯಲ್ಲಿರಬೇಕು, ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಬರಬೇಕು. ಅಜ್ಜನ ಕಾಲದ ಊರುಗೋಲನ್ನು ಅಟ್ಟದಿಂದ ಇಳಿಸಿ ಕೊಡುತ್ತಾರೆ; ಅದು ಗಿಡ್ಡವಾದರೆ ಬೆನ್ನು ಬಗ್ಗುತ್ತದೆ, ಉದ್ದವಾದರೆ ಹೆಗಲು ಏರುತ್ತದೆ. ಗರಗಸದ ಒಂದು ಎಳೆತದಲ್ಲಿ ಸರಿಹೋಗುವ ತಪ್ಪು ವರ್ಷಗಟ್ಟಲೆ ಮೈಯನ್ನು ಸೊಟ್ಟ ಮಾಡುತ್ತದೆ. ಮೊದಲು ಕೋಲು, ಆಮೇಲೆ ಸೋತ ಕಾಲು, ಕೊನೆಗೆ ಗಟ್ಟಿ ಕಾಲು.

ಎಷ್ಟು ಸುಧಾರಿಸಿತು ಎಂದು ನೋಡಿಕೊಳ್ಳುವುದಕ್ಕೂ ಯಂತ್ರ ಬೇಡ. ಅಂಗಳದಲ್ಲಿ ಹತ್ತು ಮೀಟರ್ ಅಳೆದು ಎರಡು ಗೆರೆ ಎಳೆಯಿರಿ. ಅದನ್ನು ದಾಟಲು ಇಪ್ಪತ್ತೈದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಓಡಾಟ ಮನೆಯ ಸುತ್ತಮುತ್ತಲಿಗೇ ಸಾಕು. ಹನ್ನೆರಡು ಹದಿಮೂರು ಸೆಕೆಂಡಿಗೆ ಬಂದರೆ ಪೇಟೆಗೂ ಹೋಗಿಬರಬಹುದು ಎಂದು ಫಿಸಿಯೋಗಳು ಅಂದಾಜು ಕಟ್ಟುತ್ತಾರೆ. ಸೆಕೆಂಡಿಗೆ 0.4 ಮೀಟರ್, 0.8 ಮೀಟರ್ ಎಂಬ ಈ ಗಡಿಗಳನ್ನು 1995ರಲ್ಲಿ ಗುರುತಿಸಿದವರು ಅಮೆರಿಕದ ಜಾಕ್ವೆಲಿನ್ ಪೆರಿ ಮತ್ತು ಸಂಗಡಿಗರು. ತಿಂಗಳಿಗೊಮ್ಮೆ ನೋಡಿದರೆ ಸಾಕು. ದಿನಾ ನೋಡಿದರೆ ಮನಸ್ಸು ಕುಗ್ಗುತ್ತದೆ, ಏಕೆಂದರೆ ಈ ಸುಧಾರಣೆ ದಿನದ ಲೆಕ್ಕದಲ್ಲಿ ಕಾಣುವಂಥದ್ದಲ್ಲ.

ಇನ್ನು ಜಗಲಿಯ ಮೇಲೆ ಕುಳಿತಿರುವ ನಮ್ಮ ಪಾಲು. ಲಕ್ವವಾದವರು ಬೆಳಕಿನಲ್ಲಿ ಹೊರಗೆ ಬರಬೇಕಾದರೆ ಬೆಳಕಿನಲ್ಲಿರುವ ನಾವು ಅದಕ್ಕೆ ದಾರಿ ಮಾಡಿಕೊಡಬೇಕು. ಅವರು ನಡೆಯುತ್ತಿರುವಾಗ ಮಾತಿಗೆಳೆಯಬಾರದು. ನಡೆಯುತ್ತ ಮಾತಾಡುವುದು ಅವರ ಮೆದುಳಿಗೆ ಎರಡು ಹೊರೆ, ಉತ್ತರ ಕೊಡಲು ಹೋಗಿ ಹೆಜ್ಜೆ ತಪ್ಪುತ್ತದೆ. ನಿಂತಾಗ ಮಾತಾಡಿಸಿ. ಹೇಗಾಯಿತು ಎಂದು ಕೇಳಬೇಡಿ, ಆ ಕತೆಯನ್ನು ಅವರು ಸಾಕಷ್ಟು ಸಲ ಹೇಳಿದ್ದಾರೆ. ಮಳೆ ಬಂತಾ, ರಾಗಿ ಹೇಗಿದೆ, ರೇಷ್ಮೆಗೂಡಿನ ರೇಟು ಎಷ್ಟು ಎಂದು ಮೊದಲು ಕೇಳುತ್ತಿದ್ದುದನ್ನೇ ಕೇಳಿ. ದಾರಿಗೆ ಅಡ್ಡಲಾಗಿ ಬೈಕು ನಿಲ್ಲಿಸಬೇಡಿ. ಅವರ ಹಿಂದೆ ಹಾರ್ನ್ ಹೊಡೆಯಬೇಡಿ.

ದೊಡ್ಡಪ್ಪನಿಗೆ ಇದ್ದ ಆಸೆ ಒಂದೇ, ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಬೇಕು. ಹುಳು ಸಾಕುವುದನ್ನು ಆಗಲೇ ಮಗನಿಗೆ ಬಿಟ್ಟಿದ್ದರು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ಆದರೆ ಹರಾಜಿನ ಹೊತ್ತಿಗೆ ತಮ್ಮ ಗೂಡಿನ ಮುಂದೆ ತಾವೇ ನಿಂತಿರಬೇಕು ಎನ್ನುತ್ತಿದ್ದರು. ಫಿಸಿಯೋ ಹುಡುಗಿ ಅದನ್ನೇ ಗುರಿ ಮಾಡಿಕೊಂಡಳು. ಮಾರುಕಟ್ಟೆಗೆ ಹೋಗಬೇಕಾದರೆ ಬಸ್ಸು ಹತ್ತಬೇಕು. ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲು ಮನೆಯ ಮೆಟ್ಟಿಲಿಗಿಂತ ಎತ್ತರ. ಜಗಲಿಯ ಮೆಟ್ಟಿಲ ಮೇಲೆ ಇಟ್ಟಿಗೆ ಸೇರಿಸಿ ಎತ್ತರ ಮಾಡಿ, ಕಂಬವನ್ನೇ ಬಸ್ಸಿನ ಸರಳು ಎಂದುಕೊಂಡು ಅಭ್ಯಾಸ ಮಾಡಿಸಿದಳು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಮೊದಲ ಬಾರಿ ಬಸ್ಸು ಹತ್ತಿದ ದಿನ ಮಗ ಗೂಡಿನ ಚೀಲಗಳನ್ನು ಒಳಗೆ ಹಾಕಿ, ಹಿಂದೆ ನಿಂತು ಸೊಂಟಕ್ಕೆ ಕೈ ಕೊಟ್ಟಿದ್ದ. ಹೊತ್ತು ಹಿಡಿಯಿತು. ಹಿಂದಿನವರೊಬ್ಬರು "ಬೇಗ ಹತ್ತಣ್ಣೋ" ಎಂದರು. ಕಂಡಕ್ಟರು ತಲೆ ಹೊರಹಾಕಿ, "ಗುರುವೇ, ಆರಾಮಾಗ್ ಹತ್ಲಿ, ಬಸ್ಸೇನ್ ಓಡೋಗಲ್ಲ" ಎಂದು ಹೇಳಿ, ಅವರು ಸೀಟಿನಲ್ಲಿ ಕೂರುವ ತನಕ ಸೀಟಿ ಊದಲಿಲ್ಲ.